ನೂರಾ ಒಂದು

ಮಾದರಿ ಹದಿನೇಳು. ಸೀಗೆಹಟ್ಟಿ, ಮೊದಲ ಮಹಡಿ,
ಫಾಲಾಕ್ಷ ಮೇಷ್ಟ್ರ ಟ್ಯೂಷನ್ ಕೋಣೆ.
ಫ್ಯಾನಿನ ರೆಕ್ಕೆ, ಕಿಟಕಿಯ ಸರಳು, ಬೀರುವಿನ ನೆತ್ತಿ,
ಮೂರು ಕಡೆ ಟೇಪು ಒತ್ತಿ ಕಿತ್ತು ತಂದ ಧೂಳು.
ದೂರು: ಮಕ್ಕಳು ಕೆಮ್ಮುತ್ತಾರೆ.
ದೂರಿನ ಕೆಳಗೆ ಮೇಷ್ಟ್ರೇ ಹಸಿರು ಶಾಯಿಯಲ್ಲಿ
ಉತ್ತರವನ್ನೂ ಬರೆದುಕೊಟ್ಟಿದ್ದಾರೆ:
ಕೆಳಗಿನ ಅಂಗಡಿಯ ಪಿಂಜಾರನ ಹತ್ತಿ.

ಉತ್ತರ ಗೊತ್ತಿದ್ದೂ ಲೆಕ್ಕ ಮಾಡು ಅನ್ನುವುದು
ಅವರ ಹಳೇ ಚಾಳಿ.
ಹತ್ತನೇ ಕ್ಲಾಸಿನಲ್ಲಿ ನನಗೂ ಹಾಗೇ ಅಂದಿದ್ದರು.

ವಿನೋಬನಗರದ ನಮ್ಮ ಲ್ಯಾಬಿನಲ್ಲಿ ಫ್ಯಾನು ಆರಿಸಿ
(ಗಾಳಿ ಬೀಸಿದರೆ ಸಾಕ್ಷಿ ಹಾರಿಹೋಗುತ್ತದೆ),
ಮುಡಿದ ಹೂ ತೆಗೆದು ಡ್ರಾಯರಿಗಿಟ್ಟು,
ಗಾಜಿನ ಮೇಲೆ ಗಾಜು ಮುಚ್ಚಿ,
ಒಂದು ಕಣ್ಣು ಕೊಟ್ಟೆ.

ಬರಿಗಣ್ಣಿಗೆ ಬೂದಿ. ನಾನೂರು ಪಟ್ಟು ಹಿಗ್ಗಿಸಿದರೆ
ಒಂದೊಂದಕ್ಕೂ ಒಂದು ಮುಖ.
ಮೂಲೆ ಮಡಚಿದ ಅಂಚೆಚೀಟಿಯಂಥ ಚರ್ಮದ ಚೂರುಗಳು,
ಯಾವ ಹುಡುಗನ ಮೊಣಕೈಯದೋ,
ಲೆಕ್ಕ ಹತ್ತದೆ ಯಾವಳೋ ಕೆರೆದುಕೊಂಡ ಕತ್ತಿನದೋ.
ಬಸ್ಸುಗಳು ಎಬ್ಬಿಸಿ ಕಳಿಸಿದ ಬಿ.ಎಚ್. ರಸ್ತೆಯ ಮಣ್ಣು,
ಹೆಸರಿನಲ್ಲೇ ಕೆಮ್ಮು ಇಟ್ಟುಕೊಂಡ ಕೆಮ್ಮಣ್ಣು.
ತಂಡಿ ಗೋಡೆ ಹೆತ್ತ ಬೂಷ್ಟಿನ ಕಣಗಳು, ಸರ ಕಟ್ಟಿಕೊಂಡು.
ಮತ್ತೆ ಹತ್ತಿ. ಹೌದು, ಹತ್ತಿ ಇತ್ತು:
ಚಪ್ಪಟೆ ರಿಬ್ಬನ್ನು, ನಡುನಡುವೆ ತಿರುಚಿಕೊಂಡದ್ದು,
ನಿಂತಲ್ಲಿ ನಿಲ್ಲದವಳ ಜಡೆಯ ಟೇಪಿನ ಹಾಗೆ.
ಎಣಿಸಿದೆ. ಕಡಿಮೆ. ಮತ್ತೆ ಎಣಿಸಿದೆ.

ಉಳಿದದ್ದೆಲ್ಲ ಬಿಳಿ. ಪುಡಿಯಾದ ಸಕ್ಕರೆಯಂಥ ಹರಳು.
ಬೆಳಕನ್ನು ಅಡ್ಡಡ್ಡ ಸೋಸಿ ನೋಡಿದೆ,
ಕತ್ತಲಲ್ಲಿ ಕಿಡಿ ಹೊತ್ತಿದಂತೆ ಹೊಳೆದವು.
ಅಂಚಿಗೆ ಒಂದು ಹನಿ ಆಮ್ಲ ತಾಗಿಸಿದೆ.
ನೊರೆ.

'ಉಸಿರು ಹಿಡಿದು ನೋಡು ಕುಮುದ್ವತಿ,
ಗುಳ್ಳೆ ಎದ್ದರೆ ಸುಣ್ಣದ ಜಾತಿ, ಏಳದಿದ್ದರೆ ಬೇರೆ.'
ಬೋರ್ಡಿನ ಮುಂದೆ, ತಲೆಮಟ್ಟದ ಬಿಳಿ ಮೋಡದೊಳಗೆ ನಿಂತು
ಇದನ್ನು ಹೇಳಿಕೊಟ್ಟವರು ಅವರೇ.
ಡಸ್ಟರನ್ನು ಕಿಟಕಿಗೆ ಬಡಿಯಲು ಕಳಿಸುತ್ತಿದ್ದದ್ದೂ ನನ್ನನ್ನೇ.
ಅದೊಂದು ಬಹುಮಾನ ಅಂದುಕೊಂಡಿದ್ದೆ.

ಬುಧವಾರ ಇಬ್ಬರೂ ಬಂದರು.
ಕರೆದದ್ದು ಮೇಷ್ಟ್ರನ್ನು; ಬುಡೇನ್‌ಸಾಬರು ಹಿಂದಿನಿಂದ,
ಮೀಸೆಯ ಮೇಲೆ ಎರಡೆಳೆ ಹಾಗೇ ಇಟ್ಟುಕೊಂಡು.
ಸೀಮೆಸುಣ್ಣ ನಲವತ್ತಮೂರು, ಅಂದೆ.
ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.
ಒರೆಸಿದ ಅಂಗಿಯ ಚುಂಗಿನಲ್ಲೂ ಅದೇ ಇತ್ತು.
'ಆಮ್ಲ ಹಾಕಿದೆಯಾ?'
ಹಾಕಿದೆ ಸಾರ್.
'ಎದ್ದಿತಾ?'
ಎದ್ದಿತು ಸಾರ್.
ಆಮೇಲೆ ಕೇಳಲಿಲ್ಲ. ಕೆಮ್ಮು ಬಂತು, ನುಂಗಿಕೊಂಡರು.

ಬುಡೇನ್‌ಸಾಬರು ಬಗ್ಗಿ, 'ನಂದೆಷ್ಟಮ್ಮ?' ಅಂದರು.
ನೂರಕ್ಕೆ ಆರು.
ಗೆಲುವಾಗುತ್ತಾರೆ ಅಂದುಕೊಂಡಿದ್ದೆ.
'ಆರೇನಾ?
ಮೂವತ್ತೆಂಟು ವರ್ಷ ಬಡಿದಿದ್ದೀನಿ.
ಇಡೀ ಓಣಿ ನನ್ನ ಹತ್ತಿಯಲ್ಲೇ ಉಸಿರಾಡ್ತದೆ ಅಂತ
ಕಂಡಕಂಡವರ ಹತ್ರ ಬೈಸಿಕೊಂಡಿದ್ದೀನಿ.
ಆರು?'

ಫೋಮಿನ ಹಾಸಿಗೆ ಬಂದಮೇಲೆ ಅವರ ಬಿಲ್ಲಿನ ತಂತಿ
ವಾರಕ್ಕೊಮ್ಮೆ ಮಿಡಿದರೆ ಹೆಚ್ಚು.
ಇದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲ.

ಅವರು ಹೋದಮೇಲೆ ಕೂಡಿಸಿದೆ:
ಸೀಮೆಸುಣ್ಣ ನಲವತ್ತಮೂರು, ಚರ್ಮ ಇಪ್ಪತ್ತನಾಲ್ಕು,
ಮಣ್ಣು ಹತ್ತೊಂಬತ್ತು, ಹತ್ತಿ ಆರು,
ಬೂಷ್ಟು ನಾಲ್ಕು, ಇತರೆ ಐದು.
ನೂರಾ ಒಂದು.
ದಶಾಂಶಗಳನ್ನು ಮೇಲೆತ್ತಿ ಪೂರ್ತಿ ಮಾಡಿದ ತಪ್ಪು,
ಎಲ್ಲರಿಗೂ ಆಗುವಂಥದ್ದು.
ಕಂಪ್ಯೂಟರು ಸಾಲನ್ನು ಕೆಂಪು ಮಾಡಿ ಕೂತಿದೆ,
ಒಂದು ಕಳೆ ಅನ್ನುತ್ತದೆ.

ಸೀಮೆಸುಣ್ಣದಿಂದ ಕಳೆದರೆ ಗುರುದಕ್ಷಿಣೆ ಅಂದಾರು.
ಹತ್ತಿಯಿಂದ ಕಳೆಯಲು ಕೈ ಬರಲಿಲ್ಲ, ಇರುವುದೇ ಆರು.
ಇತರೆಯಲ್ಲಿ ಏನಿದೆಯೋ ನನಗೇ ಗೊತ್ತಿಲ್ಲ,
ಗೊತ್ತಿಲ್ಲದ್ದನ್ನು ಕಡಿಮೆ ತೋರಿಸುವುದು
ಲ್ಯಾಬಿಗೆ ಶೋಭೆಯಲ್ಲ.

ಐದೂವರೆ. ಡ್ರಾಯರಿನಲ್ಲಿ ಹೂ ಬಾಡಿದೆ.
ಚರ್ಮದ ಸಾಲಿನಲ್ಲಿ ಕರ್ಸರು ಮಿಟುಕುತ್ತಿದೆ.
ಬೆರಳ ತುದಿ ಕೀಲಿಯ ಮೇಲೆ ಇಟ್ಟಿದ್ದೇನೆ.
ಅಲ್ಲೂ ಸ್ವಲ್ಪ ಉದುರಿರಬೇಕು.